ನಲವತ್ತು ಪ್ರಶ್ನೆಗಳ ಕಳವು

ಬುಧವಾರ ಸಂಜೆ ಐದೂಕಾಲಿಗೆ, ಹೊಸಬಾಳೆಯಲ್ಲಿ ಘೋರ ಕಳ್ಳತನವೊಂದು ನಡೆದಿದೆ ಎಂದು ಮೇಘನಾ ಘೋಷಿಸಿದಳು. ಕಳುವಾದದ್ದು ನಲವತ್ತು ಪ್ರಶ್ನೆ. ಅವಳ ಪ್ರಕಾರ ಕಳ್ಳ ಹಿತ್ತಲಲ್ಲಿ ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದ.

"ಯತೀಶಾ! ನನ್ನ ಫೋಲ್ಡರ್ ಎಲ್ಲೋ?"

"ಯಾವ ಫೋಲ್ಡರ್ರು?"

ಶುಕ್ರವಾರ ಶಾಲೆಯಲ್ಲಿ ಐದನೇ ತರಗತಿಯವರಿಗೆ ಕ್ವಿಜ್. ಪ್ರಶ್ನೆ ಬರೆಯುವ ಕೆಲಸ ಏಳನೇ ತರಗತಿಯ ಮೇಘನಾಳದು. ಉತ್ತರ ಹೇಳಬೇಕಾದವರಲ್ಲಿ ಅವಳ ತಮ್ಮ ಯತೀಶನೂ ಒಬ್ಬ. ಇಂಥ ಇಬ್ಬರು ಒಂದೇ ಮನೆಯಲ್ಲಿದ್ದರೆ ಬೀಗ ಬೇಕೇ ಬೇಕು.

ಶಿಕಾರಿಪುರದಿಂದ ಬಂದಿದ್ದ ಅತ್ತೆ ಮಗಳು ಸಂಗೀತಕ್ಕ ಕಂಪ್ಯೂಟರಿನ ಫೋಲ್ಡರಿಗೆ ಆ ಬೀಗ ಹಾಕಿಕೊಟ್ಟಿದ್ದಳು. ಪಾಸ್‌ವರ್ಡ್ ಇಲ್ಲದೆ ಏನೂ ತೆರೆಯದು. ಅದರಲ್ಲಿ ಸೇರಿಸಿದ ಪ್ರಶ್ನೆಗಳು, ಅವಕ್ಕೆ ಬೇಕಾದ ಗುಡವಿ ಕೆರೆಯ ಹಕ್ಕಿಗಳ ಫೋಟೋಗಳು ತಾವಾಗಿಯೇ ಕ್ಲೌಡಿಗೆ ಹೋಗಿ, ಅಮ್ಮನ ಫೋನಿಗೂ ಬರುತ್ತಿದ್ದವು. ಈಗ ಮೂರೂ ಕಡೆ ಖಾಲಿ.

"ನೀನೇ ಡಿಲೀಟ್ ಮಾಡಿದ್ದು!"

"ಪಾಸ್‌ವರ್ಡ್ ಸಿಕ್ಕಿದ್ರೆ ಓದ್ತಿದ್ದೆ ಕಣೇ ಅಕ್ಕ. ಅಳಿಸೋಕೆ ನಂಗೇನು ಹುಚ್ಚಾ?"

ಮಾತು ನ್ಯಾಯವಾಗಿತ್ತು. ಅದಕ್ಕೇ ಮೇಘನಾಗೆ ಇನ್ನಷ್ಟು ಸಿಟ್ಟು ಬಂತು.

ಗಲಾಟೆ ಕೇಳಿ ಅಮ್ಮ ಹೊರಬಂದರು. "ಯಾಕ್ರೋ ಕಿರುಚ್ತೀರಿ? ಫೋನಲ್ಲಿದ್ದ ಆ ಕಸನಾ? ನಾನೇ ತೆಗೆದೆ. ಕುರಿ ಕುಂಟೋದನ್ನ ವಿಡಿಯೋ ಮಾಡಿ ಕಳ್ಸಿ ಅಂದಿದ್ರು ಡಾಕ್ಟ್ರು. ಜಾಗ ಇಲ್ಲ ಅಂತು ಫೋನು. ಒಳಗೆ ನೋಡಿದ್ರೆ ಕ್ಯೂ, ಏಳು, ಜೆಡ್ಡು, ಎಕ್ಸು... ಅಂಥ ಹೆಸರು ಮನುಷ್ಯರು ಇಡ್ತಾರೇನೇ?"

ಬೀಗ ಬಿದ್ದರೆ ಫೈಲಿನ ಹೆಸರೂ ಕಲಸಿಹೋಗುತ್ತದೆ, ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ ಎಂದು ಸಂಗೀತಕ್ಕ ಹೇಳಿದ್ದಳು. ಮೇಘನಾ ಅದನ್ನೂ ಗುಟ್ಟಾಗಿಯೇ ಇಟ್ಟಿದ್ದಳು.

ಅವಳು ಸಂಗೀತಕ್ಕನಿಗೆ ಫೋನ್ ಮಾಡಿದಳು.

"ಅಳಬೇಡ ಮಾರಾಯ್ತಿ. ಕ್ಲೌಡಲ್ಲಿ ಕಸದ ಬುಟ್ಟಿ ಅಂತ ಇರ್ತದೆ. ಅಳಿಸಿದ್ದನ್ನ ಸ್ವಲ್ಪ ದಿನ ಅಲ್ಲಿ ಇಟ್ಕೊಂಡಿರ್ತದೆ, ನೋಡು."

ಇತ್ತು. ನಲವತ್ತೂ ಇದ್ದವು.

ಮೇಘನಾ ಅವನ್ನು ವಾಪಸ್ ತಂದು, ಅಮ್ಮನಿಗೆ ಫೋನ್ ತೋರಿಸಿದಳು. "ಇದು ನಂದಮ್ಮಾ. ಅಳಿಸ್ಬೇಡ."

"ಮೊದ್ಲೇ ಹೇಳಿದ್ರೆ ಮುಟ್ತಿದ್ನಾ?"

ಮೇಘನಾ ಹಿತ್ತಲಿಗೆ ಹೋಗಿ ಯತೀಶನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಇನ್ನೊಂದು ಮರಿಗೆ ಸೊಪ್ಪು ಹಿಡಿದಳು.

"ಸಾರಿ ಕಣೋ."

"ಸಾರಿ ಬೇಡ. ಮೊದಲನೇ ಪ್ರಶ್ನೆ ಹೇಳು, ಸಾಕು."

"ಆಗಲ್ಲ."

ಶುಕ್ರವಾರ ಯತೀಶನ ತಂಡಕ್ಕೆ ಮೂರನೇ ಸ್ಥಾನ ಬಂತು. ಇದ್ದದ್ದು ಮೂರೇ ತಂಡ.