ಐದನೇ ಗಂಟೆಯ ಪಚೋಲಿ

"ಬಿಡಿ ಅದನ್ನ!"

ಅವನ ಬೆರಳುಗಳ ನಡುವಿದ್ದ, ಎಣ್ಣೆಯಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಅವಳು ಕಸಿದೇಬಿಟ್ಟಳು.

ಅವನು ತಬ್ಬಿಬ್ಬಾದ. ದೊಡ್ಡ ಸುಗಂಧ ಕಂಪನಿಗೆ ಎಣ್ಣೆ ಆರಿಸಿಕೊಡುವ ಕೆಲಸ ಅವನದು. ವ್ಯಾಪಾರದವರೆಲ್ಲ ಅವನನ್ನು 'ಮೂಗಿನ ಸಾಹೇಬ್ರು' ಎಂದೇ ಕರೆಯುತ್ತಿದ್ದರು. ಅವನು ಒಮ್ಮೆ ಮೂಗು ಮುರಿದರೆ ಮುಗಿಯಿತು, ಆ ಎಣ್ಣೆಯನ್ನು ಕೇಳುವವರೇ ಇಲ್ಲ. ಅಂಥವನ ಕೈಯಿಂದ ಇದುವರೆಗೆ ಯಾರೂ ಏನನ್ನೂ ಕಸಿದುಕೊಂಡಿರಲಿಲ್ಲ.

"ಮೂರು ನಿಮಿಷ ಆಗಿಲ್ಲ, ಆಗಲೇ ಬರೆದಾಯ್ತಾ?" ಅವಳು ಅವನ ಪುಸ್ತಕದತ್ತ ಬೆರಳು ತೋರಿಸಿದಳು. ಅದರಲ್ಲಿ ಮೂರೇ ಪದಗಳಿದ್ದವು. ಹಸಿ ಮಣ್ಣು, ಮುಗ್ಗಲು.

"ಅದು ಮೊದಲ ವಾಸನೆ ಅಷ್ಟೇ. ಕಾಗದದ ಮೇಲೆ ನೋಡೋದು ನಮ್ಮ ಪದ್ಧತಿ..."

"ಪಚೋಲಿ ಎಲೆಯ ಎಣ್ಣೆ ಶುರುವಿನಲ್ಲಿ ಹೀಗೇ ಸ್ವಾಮಿ! ಹೊಸಬರ ಮನೆಗೆ ಬಂದ ಮಗು ಮುಖ ಊದಿಸಿಕೊಂಡು ಕೂರುತ್ತಲ್ಲ, ಹಾಗೆ. ಮೈ ಬಿಸಿ ತಾಗಿದ ಮೇಲೇ ಅದು ಬಾಯಿ ಬಿಡೋದು. ಕಾಗದಕ್ಕೆ ಬಿಸಿ ಎಲ್ಲಿಂದ ಬರಬೇಕು?"

ಎಣ್ಣೆ ಇಳಿಸುವ ಆ ಶೆಡ್ಡಿನಲ್ಲಿ ಅವಳಪ್ಪ ಮಾಡಿಟ್ಟ ಕಟ್ಟಳೆಯೊಂದಿತ್ತು. ಎಣ್ಣೆ ಕೊಳ್ಳಲು ಬಂದವರ ಮಣಿಕಟ್ಟಿಗೆ ಒಂದು ಹನಿ ಹಚ್ಚಬೇಕು, ಐದು ಗಂಟೆ ಕಳೆಯುವವರೆಗೆ ಅವರಿಂದ ಹ್ಞೂಂ ಅಂತಲೂ ಉಹ್ಞೂಂ ಅಂತಲೂ ಕೇಳಬಾರದು. ಅಪ್ಪ ಹೋಗಿ ಮೂರು ವರ್ಷವಾಗಿತ್ತು. ಕಟ್ಟಳೆಯನ್ನು ಅವಳು ಬಿಟ್ಟಿರಲಿಲ್ಲ.

ಅವಳು ಅವನ ಎಡಗೈಯನ್ನು ಹಿಡಿದು ತಿರುಗಿಸಿ, ಗಾಜಿನ ಕಡ್ಡಿಯಿಂದ ಮಣಿಕಟ್ಟಿಗೆ ಒಂದು ಹನಿ ಮುಟ್ಟಿಸಿದಳು. ಅವಳ ಬೆರಳ ಕೆಳಗೆ ಅವನ ನಾಡಿ ಡವಗುಟ್ಟುತ್ತಿತ್ತು.

"ಉಜ್ಜಬೇಡಿ. ತೊಳೀಬೇಡಿ."

"ಇಲ್ಲ, ತೊಳೆಯಲ್ಲ," ಎಂದ ಅವನು. ಹೇಳಿದ್ದು ಎಣ್ಣೆಯ ಬಗ್ಗೆ, ನೋಡುತ್ತಿದ್ದದ್ದು ಅವಳ ಕಣ್ಣನ್ನು.

ಸುಳ್ಳು ಯಾಕೆ ಹೇಳಬೇಕು, ಅವಳೂ ನೋಡಿದಳು. ಕೈ ಬಿಡಬೇಕೆಂಬುದು ನೆನಪಾಗಲು ಸ್ವಲ್ಪ ಹೊತ್ತೇ ಹಿಡಿಯಿತು. 'ಏನಾಯ್ತು ನಂಗೆ? ಎಣ್ಣೆ ಮಾರೋಕೆ ನಿಂತಿದ್ದೀನಾ, ಇಲ್ಲಾ...' ಎಂದುಕೊಂಡು ಕೆನ್ನೆ ಕೆಂಪಾಗಿ ಒಳಗೆ ಓಡಿದಳು.

ಹತ್ತು ನಿಮಿಷವೂ ಆಗಿರಲಿಲ್ಲ. ಕಿಟಕಿಯಿಂದ ಸುಮ್ಮನೆ ಹೊರಗೆ ಕಣ್ಣು ಹಾಯಿಸಿದವಳ ಎದೆ ಧಸಕ್ಕೆಂದಿತು.

ಅವನು ಇತ್ತ ಬೆನ್ನು ಮಾಡಿ ನಲ್ಲಿಯ ಮುಂದೆ ನಿಂತಿದ್ದ. ಭುಜ ಅಲುಗಾಡುತ್ತಿತ್ತು. ಕಾಲ ಬಳಿ ಸೋಪಿನ ನೊರೆ ಹರಿಯುತ್ತಿತ್ತು.

ತೊಳೆಯುತ್ತಿದ್ದಾನೆ... ತೊಳೆಯಲ್ಲ ಅಂದವನು!

ಈಗ ಶೆಡ್ಡಿನ ಯಜಮಾನರಾಗಿದ್ದ ದೊಡ್ಡಪ್ಪನೂ ಪಕ್ಕದಿಂದ ಅದನ್ನು ನೋಡಿದರು. "ಕಂಡ್ಯಾ ಸಿಡುಕಿ?" ಮನೆಯಲ್ಲಿ ಅವಳಿಗೆ ಅದೇ ಹೆಸರು. "ಎರಡು ಕಂಪನಿಯವರು ಆಗಲೇ ಬೇಡ ಅಂದಿದ್ದಾರೆ. ಇದೊಂದು ಸಲ ನೋಡೋಣ ಅಂತ ನಿನ್ನ ಮಾತಿಗೆ ಸುಮ್ಮನಿದ್ದೆ. ಇವರೂ ಕೈ ತೊಳ್ಕೊಂಡ್ರು. ಸೋಮವಾರ ಬಾಯ್ಲರ್ ಬಿಚ್ಚೋಕೆ ಜನ ಬರ್ತಾರೆ. ಶೆಡ್ ಗೋದಾಮಾದ್ರೂ ಆಗಲಿ."

ಅಪ್ಪ ಹೋದ ಮೇಲೆ ಅವಳೊಬ್ಬಳೇ ನಿಂತು ಇಳಿಸಿದ ಮೊದಲ ಎಣ್ಣೆ ಅದು. ಎಲೆಯನ್ನು ನೆರಳಲ್ಲಿ ಒಣಗಿಸಿ, ದಿನವಿಡೀ ಬಾಯ್ಲರಿನ ಹಬೆ ಹಾಯಿಸಿ, ಇಳಿದ ಎಣ್ಣೆಯನ್ನು ಕಪ್ಪು ಬಾಟಲಿಯಲ್ಲಿ ಎರಡು ವರ್ಷ ಮಾಗಿಸಿದ್ದಳು. 'ಹೆಣ್ಣುಮಗಳ ಕೈಲಿ ಆಗೋ ಕೆಲಸವಾ ಇದು' ಎಂದವರ ಮುಂದೆಲ್ಲ ಹಲ್ಲು ಕಚ್ಚಿಕೊಂಡಿದ್ದಳು. ಈಗ ಅದೆಲ್ಲವೂ ನೊರೆಯ ಜೊತೆ ಮೋರಿಗೆ ಹೋಗಿತ್ತು.

ಅವನು ಒದ್ದೆ ಕೈಯಲ್ಲೇ ನಗುತ್ತಾ ಬಾಗಿಲಿಗೆ ಬಂದ. "ಶುಕ್ರವಾರ ನಮ್ಮಲ್ಲಿ ಎಣ್ಣೆಗಳ ಪರೀಕ್ಷೆ ಇದೆ. ನೀವೂ ಬಂದ್ರೆ..."

"ಮಾದರಿ ಎಣ್ಣೆ ತಗೊಂಡಾಯ್ತಲ್ಲ, ಹೊರಡಿ."

"ನಾನೇನಾದ್ರೂ ತಪ್ಪು..."

"ಹೊರಡಿ ಅಂದೆ!"

ಅವನ ನಗು ಮುದುಡಿತು. ಮಾದರಿ ಬಾಟಲಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಎರಡು ಸಲ ಹಿಂತಿರುಗಿ ನೋಡಿ, ಹೊರಟುಹೋದ.

ಬಾಗಿಲು ಹಾಕಿಕೊಂಡು ಅವಳು ಅತ್ತಳು. ಎಣ್ಣೆಗಾಗಿ ಅತ್ತಳೋ ಅವನಿಗಾಗಿ ಅತ್ತಳೋ, ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಶುಕ್ರವಾರ ಅವಳು ಹೋದಳು. ಪರೀಕ್ಷೆಗಲ್ಲ, ಎಣ್ಣೆಯನ್ನು ವಾಪಸು ಕೇಳಲು. 'ಬೇಡ ಅನ್ನಿಸಿಕೊಂಡು ಬರೋ ಬದಲು ನಾನೇ ಬೇಡ ಅಂತೀನಿ!' ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಗದರಿಸಿಕೊಳ್ಳುತ್ತಾ ಕಂಪನಿಯ ಮೆಟ್ಟಿಲು ಹತ್ತುವಾಗ ಮಧ್ಯಾಹ್ನ ಮೂರಾಗಿತ್ತು.

ಗಾಜಿನ ಬಾಗಿಲ ಆಚೆ ಐದು ಜನ ಅಂಗಿಯ ತೋಳು ಮಡಚಿ ಕೂತಿದ್ದರು. ಎಲ್ಲರ ಮುಂಗೈ ಮೇಲೂ ಪೆನ್ನಿನಲ್ಲಿ ಒಂದರಿಂದ ಐದರವರೆಗೆ ಸಂಖ್ಯೆ ಬರೆದಿತ್ತು. ಸಂಖ್ಯೆಗೊಂದು ಎಣ್ಣೆ. ಕಣ್ಣು ಮುಚ್ಚಿ ಮೂಸುತ್ತಾ, ಹಾಳೆಯಲ್ಲಿ ತಮಗೆ ಹಿಡಿಸಿದ ಸಂಖ್ಯೆಗೆ ಗುರುತು ಹಾಕುತ್ತಿದ್ದರು. ಕೊನೆಯ ಕುರ್ಚಿಯಲ್ಲಿ ಅವನಿದ್ದ.

ಬಾಗಿಲ ಬಳಿ ಖರೀದಿ ವಿಭಾಗದ, ತಲೆ ನರೆತ ಮೇಡಂ ಒಬ್ಬರು ಯಾವ ಶೆಡ್ಡಿನವಳೆಂದು ಕೇಳಿಕೊಂಡು ಅವಳನ್ನು ತಡೆದರು. "ಈಗ ಒಳಗೆ ಬಿಡಲ್ಲಮ್ಮ. ಬೆಳಿಗ್ಗೆ ಹತ್ತಕ್ಕೆ ಹಚ್ಚಿದ್ದು, ಈಗ ನೋಡ್ತಿದ್ದಾರೆ."

"ಮೈಗೆ ಹಚ್ಚಿ ನೋಡ್ತಿದ್ದಾರಾ? ಇಲ್ಲಿ ಕಾಗದ ಅಲ್ವಾ?"

"ಇಷ್ಟು ವರ್ಷ ಕಾಗದವೇ. ಈ ವಾರ ನಮ್ಮ ಮೂಗಿನ ಸಾಹೇಬ್ರು ಎಲ್ಲರ ಜೊತೆ ಜಗಳ ಆಡಿ ಬದಲಾಯಿಸಿದ್ರು. ಐದು ಗಂಟೆ ಚರ್ಮದ ಮೇಲೆ ಇರಲೇಬೇಕಂತೆ. ಯಾರು ತಲೆಗೆ ಹಾಕಿದ್ರೋ ಏನೋ!"

ಅವಳಿಗೆ ತಲೆಬುಡ ತಿಳಿಯಲಿಲ್ಲ. ತೊಳೆದುಕೊಂಡವನು ಜಗಳ ಯಾಕೆ ಆಡಿದ?

ಹಾಳೆಗಳು ಹೊರಬಂದವು. ಯಾವ ಸಂಖ್ಯೆ ಯಾರ ಎಣ್ಣೆ ಎಂಬುದು ಗೊತ್ತಿದ್ದದ್ದು ಮೇಡಂ ಒಬ್ಬರಿಗೇ. ಒಂದೊಂದಾಗಿ ಓದಿದರು. "ಮೂರು. ಮೂರು. ಇದೂ ಮೂರು. ಅಯ್ಯೋ, ನಾಲ್ಕನೆಯವರೂ ಮೂರೇ!" ತಮ್ಮ ಕವರ್ ತೆರೆದು ನೋಡಿ, ಕನ್ನಡಕದ ಮೇಲಿನಿಂದ ಅವಳನ್ನು ದಿಟ್ಟಿಸಿದರು. "ಮೂರು ನಿಮ್ಮದಮ್ಮ. ಇನ್ನು ಮುಂದೆ ನಿಮ್ಮ ಬಾಯ್ಲರಿನಿಂದ ಇಳಿಯೋ ಅಷ್ಟೂ ಪಚೋಲಿ ನಮಗೇ ಬೇಕು."

ಅವಳಿಗೆ ಕಾಲ ಕೆಳಗಿನ ನೆಲ ಹಗುರಾದಂತಾಯಿತು. ಗೆದ್ದೆ... ಅಪ್ಪಾ, ನಾನು ಗೆದ್ದೆ!

"ಐದನೇ ಹಾಳೆ ಮಾತ್ರ ಖಾಲಿ," ಎಂದರು ಮೇಡಂ. "ಸಾಹೇಬ್ರದ್ದು."

ಸಿಡುಕಿ ಎಂಬ ಹೆಸರು ಸುಮ್ಮನೆ ಬಂದಿರಲಿಲ್ಲ. ಅಷ್ಟು ದೊಡ್ಡ ಸಂತೋಷದ ನಡುವೆಯೂ ಅವಳಿಗೆ ಕೋಪ ನೆತ್ತಿಗೇರಿತು. ಮೊಗಸಾಲೆಯಲ್ಲಿ ಅವನನ್ನು ಅಡ್ಡಗಟ್ಟಿದಳು.

"ನಾಲ್ಕು ಜನಕ್ಕೆ ಹಿಡಿಸಿದ್ದು ನಿಮಗೆ ಹಿಡಿಸಲಿಲ್ವಾ? ಅವತ್ತೇ ತೊಳ್ಕೊಂಡ್ರಿ. ಚೆನ್ನಾಗಿಲ್ಲ ಅಂತ ಮುಖದ ಮೇಲೇ ಹೇಳಬಹುದಿತ್ತು!"

"ತೊಳ್ಕೊಂಡ್ನಾ? ನಾನಾ?" ಅವನು ಕಣ್ಣರಳಿಸಿದ. ಆಮೇಲೆ ಹಣೆ ಚಚ್ಚಿಕೊಂಡ. "ಅಯ್ಯೋ ದೇವರೇ! ಅದಕ್ಕಾ ಅಷ್ಟು ಬೈದು ಅಟ್ಟಿದ್ದು? ನಾನು ತೊಳೆದಿದ್ದು ಬಲಗೈ ರೀ! ಬೆಳಿಗ್ಗೆ ಇನ್ನೊಬ್ಬರ ಅಂಗಡೀಲಿ ಅದರ ಮೇಲೆ ಲವಂಗದ ಎಣ್ಣೆ ಚೆಲ್ಲಿತ್ತು. ಆ ಘಾಟು ನಿಮ್ಮ ಹನಿಗೆ ತಾಗಬಾರದು ಅಂತ ಎಡಗೈನ ಮೇಲೆತ್ತಿ ಎದೆಗೆ ಒತ್ತಿಕೊಂಡು, ಬಲಗೈನ ಕಲ್ಲಿಗೆ ಉಜ್ಜಿ ಉಜ್ಜಿ ತೊಳೆದೆ. ಒಂದೇ ಕೈ ತೊಳೆಯೋದು ಎಷ್ಟು ಕಷ್ಟ ಗೊತ್ತಾ ನಿಮಗೆ?"

ಅವಳು ಅವನ ಬಲಗೈಯನ್ನೊಮ್ಮೆ ನೋಡಿದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಹೇಳ್ತೀನಿ ಕೇಳಿ," ಅವನ ದನಿ ಮೆತ್ತಗಾಯಿತು. "ನಿಮ್ಮಲ್ಲಿಂದ ಬಸ್ ಹತ್ತುವಾಗ ಬರೀ ಮಣ್ಣು, ಜೊತೆಗೆ ಕರ್ಪೂರದ ಹಾಗೆ ಮೂಗಿಗೆ ಹೊಡೆಯೋ ತಂಪು. ಒಂದು ಗಂಟೆ ಆದ ಮೇಲೆ ಕಹಿ ಎಲೆ. ಊಟದ ಹೊತ್ತಿಗೆ ಮಣ್ಣು ಇಳಿದು, ಆಗಷ್ಟೇ ಕೊಯ್ದ ಮರದ ವಾಸನೆ ಬಂತು. ಐದನೇ ಗಂಟೆಗೆ... ಕೋಕೋ ಡಬ್ಬದ ಮುಚ್ಚಳ ತೆಗೆದ ಹಾಗೆ, ಬೆಚ್ಚಗೆ, ಸಿಹಿಯಾಗಿ. ಬಸ್ಸಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿ 'ಏನಪ್ಪಾ ಇಷ್ಟು ಚೆನ್ನಾಗಿದೆ' ಅಂತ ನನ್ನ ಕೈ ಹಿಡಿದು ಮೂಸಿದ್ರು! ಮರುದಿನ ಅಂಗಿಯ ತೋಳಲ್ಲೂ ಇತ್ತು. ಆ ಅಂಗಿ ಇನ್ನೂ ಒಗೆದಿಲ್ಲ."

"ಥೂ!" ಎಂದಳು. ನಗು ತಡೆಯಲಾಗಲಿಲ್ಲ, ಕಣ್ಣೀರೂ ನಿಲ್ಲಲಿಲ್ಲ. "ಹಾಗಿದ್ರೆ ಹಾಳೆ ಯಾಕೆ ಖಾಲಿ ಬಿಟ್ರಿ?"

ಅವನು ಮುಂಗೈ ಮೇಲಿನ ಮೂರನೇ ಸಂಖ್ಯೆಯನ್ನು ಮುಟ್ಟಿಕೊಂಡ.

"ಮೂರನೆಯದನ್ನ ಮೂಸಿದ ತಕ್ಷಣ ನಿಮ್ಮ ಮುಖ ಬಂತು ಕಣ್ಣ ಮುಂದೆ. ಅದು ನಿಮ್ಮದು ಅಂತ ಗೊತ್ತಾಗೇ ಹೋಯ್ತು. ನಾನು ಅಂಕ ಕೊಡ್ತಿರೋದು ಎಣ್ಣೆಗೋ, ನಿಮಗೋ? ನನ್ನ ಮೂಗನ್ನ ನಾನೇ ನಂಬೋ ಹಾಗಿರಲಿಲ್ಲ. ಅವಳ ಮೇಲೆ ಅವನಿಗೆ ಮನಸ್ಸಿತ್ತು, ಅದಕ್ಕೇ ಗೆದ್ದಳು ಅಂತ ನಾಳೆ ಒಬ್ಬರೂ ಅನ್ನಬಾರದು. ಈಗ ನೋಡಿ, ನಾನಿಲ್ಲದೆಯೇ ಗೆದ್ರಿ. ಪೂರ್ತಿ ನಿಮ್ಮದೇ ಗೆಲುವು."

ಅವಳ ಕೆಲಸವನ್ನು ಇಷ್ಟು ಗೌರವಿಸಿದವರು ಅಪ್ಪನನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಎದೆ ತುಂಬಿ ಬಂತು. ಕಣ್ಣೊರೆಸಿಕೊಂಡು ಮೊದಲು ಫೋನ್ ತೆಗೆದಳು.

"ದೊಡ್ಡಪ್ಪಾ, ಬಾಯ್ಲರ್ ಬಿಚ್ಚೋರಿಗೆ ಬರಬೇಡಿ ಅಂತ ಹೇಳಿಬಿಡಿ. ನಮ್ಮ ಎಣ್ಣೆ ಗೆದ್ದಿದೆ. ಇನ್ಮೇಲೆ ಅಷ್ಟೂ ಇವರೇ ತಗೋತಾರಂತೆ!"

ಆ ಕಡೆ ದೊಡ್ಡಪ್ಪ ಮೂಗೆಳೆದುಕೊಂಡದ್ದು ಕೇಳಿಸಿತು. "ನಿಮ್ಮಪ್ಪ ಇರಬೇಕಿತ್ತು ಕಣೇ... ನಾನು ದಡ್ಡ. ಇನ್ನು ಆ ಶೆಡ್ಡಿಗೆ ನೀನೇ ಯಜಮಾನಿ. ನಿನ್ನ ಮಾತೇ ಕೊನೆ."

ಫೋನ್ ಇಟ್ಟು ತಿರುಗಿದಳು. ಅವನು ಅಲ್ಲೇ ನಿಂತಿದ್ದ, ಫಲಿತಾಂಶಕ್ಕೆ ಕಾಯುವವನ ಮುಖ ಮಾಡಿಕೊಂಡು.

"ನಂಗೆ ಕೋಪ ಜಾಸ್ತಿ," ಎಂದಳು.

"ಅನುಭವ ಆಗಿದೆ."

"ಶೆಡ್ ಬಿಟ್ಟು ನಾನೆಲ್ಲೂ ಬರಲ್ಲ."

"ನಾನೇ ಬರ್ತೀನಿ. ಮೂಗು ಎಲ್ಲಿದ್ರೂ ಕೆಲಸ ಮಾಡುತ್ತೆ."

"ನನ್ನ ಕೈಗೆ ಯಾವಾಗ್ಲೂ ಎಲೆ ವಾಸನೆ. ಎಷ್ಟು ತೊಳೆದ್ರೂ ಹೋಗಲ್ಲ."

"ಎಲ್ಲಿ, ಕೊಡಿ."

ಅವಳು ಕೈ ಚಾಚಿದಳು. ಅವನು ಅದನ್ನು ಮೂಗಿನ ಹತ್ತಿರ ಒಯ್ಯಲಿಲ್ಲ. ತನ್ನೆರಡೂ ಕೈಗಳ ನಡುವೆ ಇಟ್ಟುಕೊಂಡು ಸುಮ್ಮನೆ ನಿಂತ.

"ಮೂಸಿ ನೋಡಲ್ವಾ?"

"ಇವತ್ತಿನ ಕೆಲಸ ಮುಗೀತು. ಈಗ ಹಿಡ್ಕೊಳ್ಳೋದಷ್ಟೇ."

ಅವಳು ಅವನ ಭುಜಕ್ಕೆ ಹಣೆ ಒರಗಿಸಿ ನಕ್ಕಳು.

"ಹಾಗಾದ್ರೆ ಗಟ್ಟಿಯಾಗಿ ಹಿಡ್ಕೋ."