ಕಾಗದದ ಕಡಲಿಗೆ ಬಳಿದ ಅಂಟು

ಬೆಳಗ್ಗೆ ಎಂಟಕ್ಕೆ, ಕಾವಲುಗಾರನಿಂದ ಕೀ ಪಡೆದು ಶಿಶುವರ್ಗದ ಬಾಗಿಲು ತೆರೆದ ಆಯಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮಕ್ಕಳು ಮೂರು ವಾರ ಕೂತು ಗೋಡೆ ತುಂಬ ಮಾಡಿದ್ದ ಕಾಗದದ ಕಡಲು ಹಾಳಾಗಿತ್ತು. ಪೇಪರ್ ತಟ್ಟೆಯ ಆಮೆಗಳು, ಮೊಟ್ಟೆ ಟ್ರೇ ಕತ್ತರಿಸಿ ಮಾಡಿದ ಏಡಿಗಳು, ಅಂಗೈ ಅಚ್ಚಿನ ಮೀನುಗಳು, ಎಲ್ಲದರ ಮೇಲೂ ಯಾರೋ ಬ್ರಷ್ಷಿನಿಂದ ತೆಳ್ಳಗೆ ಅಂಟು ಎಳೆದು, ಬಾಲಗಳನ್ನು ಹರಿದಿದ್ದರು. ಆಯಾ ಒಂದು ಆಮೆಯನ್ನು ಮುಟ್ಟಿದಳು. ಬೆರಳಿಗೆ ಹಾಲಿನಂಥ ಬಿಳಿ ಅಂಟು ಹತ್ತಿತು. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

"ಇದು ಆ ಪುಟ್ಟ ಟೀಚರ್ ಕೆಲಸ!" ಹಿಂದಿನಿಂದ ಕ್ಲಾಸ್ ಟೀಚರ ದನಿ ಕೇಳಿಸಿತು. "ನಿನ್ನೆ ಸಂಜೆ ಐದಕ್ಕೆ ಮನೆಗೆ ಹೊರಟಾಗ ಕಿಟಕಿಯಿಂದ ಕಣ್ಣಾರೆ ನೋಡಿದೆ. ಅಂಟು ಬಳೀತಾ ಇದ್ದಳು. ಹೊಸದೇನೋ ಅಂಟಿಸ್ತಿದಾಳೆ ಅಂದ್ಕೊಂಡೆ."

ಪುಟ್ಟ ಟೀಚರ್ ಎಂಬುದು ಸಹಾಯಕಿಗೆ ಮಕ್ಕಳಿಟ್ಟ ಹೆಸರು. ಕಡಲು ಅವಳದೇ ಯೋಚನೆ. ಮುಂದಿನ ವರ್ಷ ತರಗತಿಯನ್ನು ಅವಳಿಗೇ ಕೊಡಿ ಎಂದು ಪೋಷಕರು ಕೇಳಿಯೂ ಇದ್ದರು. ಆದರೆ ಇವತ್ತು ಪೋಷಕರಿಗಾಗಿ ಇಟ್ಟಿದ್ದ ಪ್ರದರ್ಶನದ ಚೀಟಿಯಲ್ಲಿ ಕ್ಲಾಸ್ ಟೀಚರ ಹೆಸರಷ್ಟೇ ಇತ್ತು. ಆ ಉರಿಗೇ ಹೀಗೆ ಮಾಡಿದ್ದಾಳೆಂದು ಹೆಡ್ ಮೇಡಂ ತೀರ್ಮಾನಿಸಿದರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅವರದು.

"ಉಂಡ ಮನೆ ಜಂತೆ ಎಣಿಸೋಳು ನೀನು," ಎಂದರು ಪುಟ್ಟ ಟೀಚರಿಗೆ, ಎಲ್ಲರೆದುರು. "ಹನ್ನೊಂದಕ್ಕೆ ಪೋಷಕರು ಬರ್ತಾರೆ. ಅಷ್ಟರೊಳಗೆ ನೀನು ಗೇಟಿನ ಆಚೆ ಇರಬೇಕು."

ಆಯಾ ಲೈಬ್ರರಿಗೆ ಓಡಿದಳು. ಅಲ್ಲಿದ್ದ ಕನ್ನಡಕದಮ್ಮ, ಶಾಲೆಯಲ್ಲಿ ಏನೇ ಕಳೆದರೂ ಕೂತಲ್ಲಿಂದಲೇ ಪತ್ತೆ ಹಚ್ಚುವ ಗ್ರಂಥಪಾಲಕಿ. ಬಂದು ಗೋಡೆ ನೋಡಿದಳು. ಅಂಟು ಅಷ್ಟರಲ್ಲಿ ಎಲ್ಲೂ ಕಾಣುತ್ತಿರಲಿಲ್ಲ, ಮೀನುಗಳ ಮೇಲೆ ಬರೀ ಹೊಳಪಿತ್ತು.

"ಬೆಂಚಿಗೆ ಬಿದ್ದ ಅಂಟನ್ನ ನೀನು ಹೇಗೆ ತೆಗೀತೀಯೇ?" ಎಂದು ಆಯಾಳನ್ನು ಕೇಳಿದಳು.

"ಒಣಗಿದ್ರೆ ಕಣ್ಣಿಗೇ ಕಾಣಲ್ಲಮ್ಮ, ಗಾಜಿನ ಹಾಗೆ. ಒದ್ದೆ ಬಟ್ಟೆ ಹಾಕಿ ಬಿಟ್ರೆ ಮತ್ತೆ ಬೆಳ್ಳಗಾಗುತ್ತೆ. ಆಮೇಲೆ ಕೆರೀತೀನಿ."

"ಎಂಟು ಗಂಟೆಗೆ ನಿನ್ನ ಬೆರಳಿಗೆ ಹತ್ತಿದ್ದು?"

"ಬೆಳ್ಳಗೇ ಇತ್ತು. ಹಸಿ ಹಸಿ."

ಹತ್ತು ಗಂಟೆಗೆ ಎಲ್ಲರನ್ನೂ ಆ ಗೋಡೆಯ ಮುಂದೆ ಸೇರಿಸಿದ ಕನ್ನಡಕದಮ್ಮ ಪೀಠಿಕೆ ಹಾಕಲಿಲ್ಲ.

"ಇಷ್ಟು ತೆಳ್ಳಗೆ ಬಳಿದ ಅಂಟು ಒಂದು ಗಂಟೇಲಿ ಒಣಗುತ್ತೆ. ಸಂಜೆ ಐದಕ್ಕೆ ಬಳಿದಿದ್ದರೆ ಬೆಳಗ್ಗೆ ಆಯಾ ಬೆರಳಿಗೆ ಹತ್ತೋದು ಹೇಗೆ? ಬಳಿದದ್ದು ಇವತ್ತು ಬೆಳಗ್ಗೆ, ಏಳರ ನಂತರ. ನಿನ್ನೆ ಸಂಜೆ ಬಳಿಯೋದನ್ನ ನೋಡಿದೆ ಅಂದದ್ದು ಸುಳ್ಳು. ಬೀಗ ಒಡೆದಿಲ್ಲ. ಇರೋದು ಎರಡು ಕೀ. ಒಂದು ರಾತ್ರಿಯೆಲ್ಲ ಕಾವಲುಗಾರನ ಹತ್ತಿರ ಇತ್ತು, ಅವನು ಎಂಟಕ್ಕೆ ಆಯಾಗೆ ಕೊಟ್ಟ. ಇನ್ನೊಂದು ಯಾರ ಪರ್ಸಿನಲ್ಲಿದೆ?"

ಎಲ್ಲರೂ ಕ್ಲಾಸ್ ಟೀಚರತ್ತ ತಿರುಗಿದರು.

"ಕೀ ಇದ್ದವರೆಲ್ಲ ಕಳ್ಳರಾ?" ಆಕೆ ಕಿರುಚಿದಳು.

"ಇಲ್ಲ. ಆದರೆ ಅಷ್ಟು ಎತ್ತರಕ್ಕೆ ಬಳಿದೋರ ಬಟ್ಟೆ ತೋಳಿಗೂ ಅಂಟು ಇಳಿದಿರುತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕ್ಲಾಸ್ ಟೀಚರ ಬಲಗೈ ಬೆನ್ನ ಹಿಂದೆ ಸರಿಯಿತು. ಆಯಾ ಬಿಡುವವಳೇ? ಕೈ ಹಿಡಿದೆಳೆದು, ಕಡುನೀಲಿ ಕುರ್ತಾ ತೋಳಿನ ಅಂಚಿಗೆ ಒದ್ದೆ ಬಟ್ಟೆ ಒತ್ತಿಹಿಡಿದಳು. ಎರಡು ನಿಮಿಷ ಬಿಟ್ಟು ಬಟ್ಟೆ ತೆಗೆದಾಗ ಅಂಚಿನುದ್ದಕ್ಕೂ ಬಿಳಿ ಕಲೆ ಎದ್ದಿತ್ತು.

"ಒಂದು ದಿನವಾದರೂ ಮಕ್ಕಳ ಜೊತೆ ಕೂತು ಅಂಟು ಮುಟ್ಟಿದ್ದಿದ್ದರೆ ಈ ಸುಳ್ಳು ಹೇಳ್ತಿರಲಿಲ್ಲ ನೀವು," ಎಂದಳು ಕನ್ನಡಕದಮ್ಮ.

"ಹೌದು, ನಾನೇ! ಹದಿನಾರು ವರ್ಷ ಇಲ್ಲಿ ಗಂಟಲು ಹರ್ಕೊಂಡಿದೀನಿ. ನಿನ್ನೆ ಮೊನ್ನೆ ಬಂದ ಇವಳಿಗೆ ನನ್ನ ಕ್ಲಾಸಾ?" ಎಂದು ಪುಟ್ಟ ಟೀಚರನ್ನು ಸುಡುವಂತೆ ನೋಡಿ ಆಕೆ ಹೊರಟುಹೋದಳು.

ಹೆಡ್ ಮೇಡಂ ಪುಟ್ಟ ಟೀಚರತ್ತ ತಿರುಗಿದರು. "ಸರಿ, ನೀನು ಇರಬಹುದು. ಬೇಗ ಇದನ್ನೆಲ್ಲ ರಿಪೇರಿ ಮಾಡು."

ಆಯಾಳ ಮೈ ಉರಿಯಿತು. "ಎಲ್ಲರ ಮುಂದೆ ಬೈದ ಬಾಯಲ್ಲೇ ತಪ್ಪಾಯ್ತು ಅನ್ನಿ ಮೇಡಂ. ಇಲ್ಲಾಂದ್ರೆ ನಾಳೆಯಿಂದ ಪೊರಕೆ ನೀವೇ ಹಿಡೀರಿ."

"ತಪ್ಪಾಯ್ತು," ಎಂದರು ಮೇಡಂ, ನೆಲ ನೋಡುತ್ತ.

ಬೆಳಗ್ಗಿನಿಂದ ಒಂದು ಮಾತೂ ಆಡದಿದ್ದ ಪುಟ್ಟ ಟೀಚರ್ ಆಗ ಬಾಯಿ ತೆರೆದಳು. "ನೆಲಕ್ಕಲ್ಲ, ನನಗೆ ಹೇಳಿ."

ಹೆಡ್ ಮೇಡಂ ನಿಧಾನವಾಗಿ ತಲೆಯೆತ್ತಿ, ಇನ್ನೊಮ್ಮೆ ಹೇಳಿದರು.