ತಂದೆಯ ಚಿತ್ರಕ್ಕೆ ಕುಳಿತ ಮಗ

ದೀಪ ಹಚ್ಚಲು ಇನ್ನು ಇಪ್ಪತ್ತು ನಿಮಿಷಗಳಷ್ಟೇ ಉಳಿದಿದ್ದವು. ಕ್ಯಾನ್ವಾಸಿನ ಮೇಲಿದ್ದ ಮುಖದ ತುಟಿಯಂಚಿನಲ್ಲಿ ರಿವ್ಕಾ ಪೇಣಕರಳ ಕುಂಚ ತಡವರಿಸಿತು.

ಚಂದ್ರಾ ಲೇಔಟಿನ ಈ ಮಹಡಿಕೋಣೆಯಲ್ಲಿ ಹನ್ನೊಂದು ವರ್ಷಗಳಿಂದ ಅವಳು ಮುಖಗಳನ್ನೇ ಬರೆಯುತ್ತಿದ್ದಳು. ನಿವೃತ್ತ ಪ್ರಿನ್ಸಿಪಾಲರು, ಮದುಮಕ್ಕಳು, ಹಠಮಾರಿ ಅಜ್ಜಿಯರು. ಯಾರ ಮುಖವೂ ಅವಳ ಕೈಗೆ ಮೋಸ ಮಾಡಿರಲಿಲ್ಲ. ಇದೊಂದು ಮಾಡುತ್ತಿತ್ತು.

ಎದುರು ಕುಳಿತಿದ್ದವನು ಹೈಸ್ಕೂಲಿನ ಗಣಿತದ ಮೇಷ್ಟ್ರು ಆತ್ರೇಯ. ಬರೆಯಬೇಕಿದ್ದುದು ಅವನನ್ನಲ್ಲ, ತೀರಿಕೊಂಡ ಅವನ ತಂದೆ ಗೋಪೀನಾಥರನ್ನು. ನಾಯಂಡಹಳ್ಳಿಯ ಮನೆಗೆ ಮಳೆನೀರು ನುಗ್ಗಿ ಫೋಟೋಗಳೆಲ್ಲ ಹಾಳಾಗಿದ್ದವು. ಗುರುತಿನ ಚೀಟಿಯ ಮಸುಕು ಮುಖವೊಂದೇ ಉಳಿದಿತ್ತು. ಮಗ ತಂದೆಯದೇ ಅಚ್ಚು ಎಂದು ಎಲ್ಲರೂ ಹೇಳಿದ್ದರಿಂದ ಮೂರು ತಿಂಗಳಿಂದ ಅವನೇ ಬಂದು ಕೂರುತ್ತಿದ್ದ.

"ಅಲ್ಲಾಡ್ಬೇಡಿ ಮೇಷ್ಟ್ರೇ."

"ಅಲ್ಲಾಡಿದ್ದು ನಾನಲ್ಲ, ನಿಮ್ಮ ಕೈ."

"ಹುಡುಗ್ರು ಹೀಗೆ ಎದುರುತ್ತರ ಕೊಟ್ರೆ ಬೆಂಚ್ ಮೇಲೆ ನಿಲ್ಲಿಸ್ತೀರಲ್ವಾ?"

"ನೀವು ಹೇಳಿ, ಈಗ್ಲೇ ನಿಂತ್ಕೋತೀನಿ."

ಅವಳು ನಗುವನ್ನು ಬಿಗಿಹಿಡಿದಳು. ಚಿತ್ರದಲ್ಲಿ ಕೂದಲಿಗೆ ನರೆ ಬಂದಿತ್ತು, ಹಣೆಗೆ ಗೆರೆಗಳು ಬಂದಿದ್ದವು. ಆದರೂ ಕ್ಯಾನ್ವಾಸಿನಿಂದ ನೋಡುತ್ತಿದ್ದವನು ಆತ್ರೇಯನೇ. ಇನ್ನೊಂದು ಗಂಟೆ ಸಿಕ್ಕಿದ್ದರೆ, ಯಾರಿಗೂ ತಿಳಿಯುವ ಮುನ್ನ ಆ ಗುಟ್ಟನ್ನು ಬಣ್ಣದಡಿ ಮುಚ್ಚಿಬಿಡಬಹುದಿತ್ತು.

ಶುಕ್ರವಾರದ ಹೊತ್ತು ಕಾಯಲಿಲ್ಲ. ಯಹೂದಿಯರ ವಿಶ್ರಾಂತಿಯ ದಿನವಾದ ಸಬ್ಬತ್ ಮೊದಲಾದರೆ, ನಾಳೆ ಸಂಜೆ ನಕ್ಷತ್ರ ಮೂಡುವವರೆಗೆ ಅವಳು ಕುಂಚ ಮುಟ್ಟುವಂತಿರಲಿಲ್ಲ. ರಿವ್ಕಾ ಕುಂಚ ತೊಳೆದಿಟ್ಟಳು. ಎರಡು ದೀಪ ಹಚ್ಚಿ, ಅಂಗೈಗಳಿಂದ ಕಣ್ಣು ಮುಚ್ಚಿ ಪ್ರಾರ್ಥಿಸಿದಳು.

ಕಣ್ಣು ತೆರೆದಾಗ ಬಾಗಿಲಲ್ಲಿ ಆತ್ರೇಯನ ತಾಯಿ ಜಲಜಾ ನಿಂತಿದ್ದರು!

"ಭಾನುವಾರ ನೀನು ಚಿತ್ರ ಕೊಡೋವರೆಗೂ ತಡಿಯಕ್ಕಾಗ್ಲಿಲ್ಲ ಕಣಮ್ಮಾ."

"ಆಂಟಿ, ಇನ್ನೂ ಮುಗ್ದಿಲ್ಲ..." ರಿವ್ಕಾ ಚಿತ್ರಕ್ಕೆ ಅಡ್ಡ ನಿಂತಳು.

ಜಲಜಾ ಮೆಲ್ಲನೆ ಅವಳ ಭುಜ ಸರಿಸಿದರು. ಬಹಳ ಹೊತ್ತು ನೋಡಿದರು.

"ಮೀಸೆ ಅವರದೇ. ಕಿವಿನೂ ಅವರದೇ. ಆದ್ರೆ ಇದು ಅವರಲ್ಲ ಕಣೋ ಆತ್ರೇಯ. ಇದು ನೀನು."

ರಿವ್ಕಾಳ ಕಿವಿ ಕೆಂಪೇರಿತು. ಜಲಜಾ ಅವಳತ್ತ ತಿರುಗಿದರು.

"ಇವನ ಮುಖಾನ ಇಷ್ಟು ಗಮನವಿಟ್ಟು ನೋಡೋಳು ನಾನೊಬ್ಳೇ ಅಂದ್ಕೊಂಡಿದ್ದೆ. ಇರ್ಲಿ ಬಿಡು. ನಮ್ಮನೆಯವ್ರದ್ದು ಬೇರೆ ಬರ್ಕೊಡು. ಅವರು ಹೇಗಿದ್ರು ಅಂತ ಈ ಸಲ ನಾನೇ ಕೂತು ಹೇಳ್ತೀನಿ."

ಮಗನನ್ನು ಕರೆಯದೆಯೇ ಅವರು ಮೆಟ್ಟಿಲಿಳಿದರು.

"ಮೂರು ತಿಂಗಳು ಯಾರನ್ನ ನೋಡ್ತಾ ಇದ್ರಿ?" ಆತ್ರೇಯ ಕೇಳಿದ. ದನಿಯಲ್ಲಿ ಕೀಟಲೆಯಿರಲಿಲ್ಲ.

ರಿವ್ಕಾ, ಚಿತ್ರ ಬರೆಯುವ ನೆಪವಿಲ್ಲದೆ, ಮೊದಲ ಸಲ ಅವನನ್ನು ನೇರವಾಗಿ ನೋಡಿದಳು.

"ಮೊದಲ ಎರಡು ವಾರ, ನಿಮ್ಮ ತಂದೇನ."